ಕಾಲೇಜು ಅರ್ಜಿಗೆ ನಿಮ್ಮದೇ ಪ್ರಬಂಧ ಬರೆಯುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ಪಿಯು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಪಿಯುಸಿ ಮುಗಿಸುವ ಹೆಚ್ಚಿನವರಿಗೆ ಈ ಪ್ರಬಂಧದ ಗೊಡವೆಯೇ ಇಲ್ಲ. ಸಿಇಟಿ, ನೀಟ್, ಕಾಮೆಡ್‌ಕೆ ಬರೀತಾರೆ, ರ‍್ಯಾಂಕ್ ಬಂದರೆ ಸೀಟು, ಬರದಿದ್ದರೆ ಮುಂದಿನ ವರ್ಷ. ನೀವು ಯಾರು, ನಿಮ್ಮ ತಲೆಯಲ್ಲಿ ಏನು ಓಡುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಆದರೆ ಅಮೆರಿಕ, ಬ್ರಿಟನ್ ಕಡೆಗೋ, ನಮ್ಮಲ್ಲೇ ಅಶೋಕದಂಥ ಖಾಸಗಿ ವಿಶ್ವವಿದ್ಯಾಲಯಕ್ಕೋ ಅರ್ಜಿ ಹಾಕುವ ಮಕ್ಕಳು ಈಗ ದಾವಣಗೆರೆಯಲ್ಲೂ ಇದ್ದಾರೆ, ಚಿತ್ರದುರ್ಗದಲ್ಲೂ ಇದ್ದಾರೆ. ಅರ್ಜಿಯಲ್ಲಿ ಹೆಸರು, ವಿಳಾಸ, ಅಂಕ ಎಲ್ಲ ಸಲೀಸಾಗಿ ತುಂಬುತ್ತಾ ಬರುತ್ತಾರೆ. ಕೊನೆಗೆ ಒಂದು ಖಾಲಿ ಚೌಕ ಸಿಗುತ್ತದೆ. ನಿಮ್ಮ ಬಗ್ಗೆ ಬರೆಯಿರಿ ಅನ್ನುತ್ತದೆ. ಅಲ್ಲಿ ಕೈ ನಿಂತುಬಿಡುತ್ತದೆ.

ನಿಲ್ಲಲು ಕಾರಣವೂ ಇದೆ. ಶಾಲೆಯಲ್ಲಿ ನಾವು ಕಲಿತ ಪ್ರಬಂಧ ಬೇರೆಯದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ‘ರಾಷ್ಟ್ರ ನಿರ್ಮಾಣದಲ್ಲಿ ಯುವಜನರ ಪಾತ್ರ’ ಅಂತ ವಿಷಯ. ಅದರಲ್ಲಿ ‘ನಾನು’ ಅನ್ನೋ ಪದವೇ ಬರಬಾರದು, ಬಂದರೆ ಮೇಷ್ಟ್ರು ಕೆಂಪು ಗೀಟು ಹಾಕುತ್ತಿದ್ದರು. ಇಲ್ಲಿ ಕೇಳುವುದೇ ಆ ‘ನಾನು’ವನ್ನು. ಅದಕ್ಕೆ ದೊಡ್ಡ ಸಾಧನೆ ಬೇಕಾಗಿಲ್ಲ. ನೀವು ತೀರಾ ಹತ್ತಿರದಿಂದ ಬಲ್ಲ ಒಂದು ಸಣ್ಣ ಸಂಗತಿ, ಅದರ ಹಿಂದೆ ನಿಮ್ಮ ಬುದ್ಧಿ ಹೋದ ದಾರಿ, ಇಷ್ಟಿದ್ದರೆ ಸಾಕು. ಮಕ್ಕಳ ಡ್ರಾಫ್ಟ್ ಓದಿ ಓದಿ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಇದು.

1. ಯಾರು ಏನು ಕೇಳುತ್ತಾರೆ, ಮೊದಲು ನೋಡಿಕೊಳ್ಳಿ

ಎಲ್ಲ ಕಾಲೇಜಿಗೂ ಒಂದೇ ಪ್ರಬಂಧ ನಡೆಯುವುದಿಲ್ಲ.

ಅಮೆರಿಕದ 1,000ಕ್ಕೂ ಹೆಚ್ಚು ಕಾಲೇಜುಗಳು ‘ಕಾಮನ್ ಆ್ಯಪ್’ ಎಂಬ ಒಂದೇ ಅರ್ಜಿಯನ್ನು ಒಪ್ಪುತ್ತವೆ. ಅದರ ಮುಖ್ಯ ಪ್ರಬಂಧ 250 ಪದಕ್ಕಿಂತ ಕಡಿಮೆ ಇರಬಾರದು, 650 ದಾಟಬಾರದು. 7 ಪ್ರಶ್ನೆ ಕೊಟ್ಟಿರುತ್ತಾರೆ, ಒಂದನ್ನು ಆರಿಸಿಕೊಳ್ಳಬೇಕು. ನಿಮ್ಮ ಹಿನ್ನೆಲೆ, ಎದುರಿಸಿದ ಅಡ್ಡಿ, ನಂಬಿದ್ದನ್ನು ಪ್ರಶ್ನಿಸಿದ ಸಂದರ್ಭ, ಹೊತ್ತು ಹೋದದ್ದೇ ಗೊತ್ತಾಗದಷ್ಟು ನಿಮ್ಮನ್ನು ಹಿಡಿದಿಡುವ ವಿಷಯ, ಹೀಗೆ. ಏಳನೆಯದು ‘ನಿಮ್ಮಿಷ್ಟದ ಯಾವುದಾದರೂ ವಿಷಯ’. ಹಾಗಾಗಿ ಪ್ರಶ್ನೆ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಪ್ರಬಂಧ ಚೆನ್ನಾಗಿ ಬಂದರೆ ಯಾವುದೋ ಒಂದು ಪ್ರಶ್ನೆಗೆ ಅದು ಹೊಂದಿಕೊಂಡೇ ಹೊಂದಿಕೊಳ್ಳುತ್ತದೆ. ಇದರ ಜೊತೆಗೆ ಕೆಲವು ಕಾಲೇಜುಗಳು ‘ನಮ್ಮ ಕಾಲೇಜೇ ಯಾಕೆ?’ ಎಂಬಂಥ ಸಣ್ಣ ಪ್ರಬಂಧಗಳನ್ನೂ ಕೇಳುತ್ತವೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಬೇರೆಯೇ ಅರ್ಜಿ. 8 ಪ್ರಶ್ನೆಗಳಲ್ಲಿ 4ಕ್ಕೆ ಉತ್ತರ, ಒಂದೊಂದಕ್ಕೂ ಗರಿಷ್ಠ 350 ಪದ. ಅಲ್ಲಿ ಕಥೆ ಹೆಣೆಯಲು ಜಾಗವಿಲ್ಲ, ನೇರವಾಗಿ ವಿಷಯಕ್ಕೆ ಬರಬೇಕು.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಹಾಕುವ ಯುಕಾಸ್ ಅರ್ಜಿಯ ಮಾತೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ನಮ್ಮ ದೇಶದ ಖಾಸಗಿ ವಿಶ್ವವಿದ್ಯಾಲಯಗಳ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಅವರವರ ಜಾಲತಾಣದಲ್ಲಿ ಈ ವರ್ಷದ ಪ್ರಶ್ನೆಯನ್ನೇ ನೋಡಿ. ಅಣ್ಣನ ಗೆಳೆಯ ಕಳಿಸಿದ ಹಳೇ ಪಿಡಿಎಫ್ ನಂಬಿ ಕೂರಬೇಡಿ.

2. ಓದುವವರಿಗೆ ಏನು ಗೊತ್ತು, ಏನು ಗೊತ್ತಿಲ್ಲ

ನಿಮ್ಮ ಪ್ರಬಂಧ ಓದುವವರು ಪ್ರವೇಶ ವಿಭಾಗದಲ್ಲಿ ಕೆಲಸ ಮಾಡುವ ಜನ. ಅವರ ಮುಂದೆ ರಾಶಿ ಅರ್ಜಿ ಇರುತ್ತದೆ, ನಿಮ್ಮದಕ್ಕೆ ಸಿಗುವುದು ಕೆಲವೇ ನಿಮಿಷ. ಎಸ್ಸೆಸ್ಸೆಲ್ಸಿ, ಪಿಯು ಅಂಕಗಳು ಅರ್ಜಿಯ ಬೇರೆ ಭಾಗದಲ್ಲಿವೆ. ಕ್ವಿಜ್ ಬಹುಮಾನ, ಎನ್‌ಸಿಸಿ ಕ್ಯಾಂಪು, ಭರತನಾಟ್ಯ ಜೂನಿಯರ್ ಪರೀಕ್ಷೆ ಎಲ್ಲಕ್ಕೂ ಪ್ರತ್ಯೇಕ ಜಾಗವಿದೆ. ನಿಮ್ಮ ಗುಣಗಾನ ಮಾಡಲು ಮೇಷ್ಟ್ರ ಶಿಫಾರಸು ಪತ್ರವೂ ಇದೆ. ಅದನ್ನೇ ಪ್ರಬಂಧದಲ್ಲಿ ಮತ್ತೆ ತುಂಬಿದರೆ 650 ಪದ ಸುಮ್ನೆ ನೀರುಪಾಲು.

ಅವರಿಗೆ ಗೊತ್ತಿಲ್ಲದ್ದು ಒಂದೇ. ಕೆಲಸವೊಂದು ಕೈಯಲ್ಲಿದ್ದಾಗ, ಲೆಕ್ಕ ತಪ್ಪಿದಾಗ, ಯಾರೋ ಹೇಳಿದ ಮಾತು ಸರಿ ಕಾಣದಿದ್ದಾಗ ನೀವು ಏನು ಮಾಡುತ್ತೀರಿ ಅನ್ನುವುದು. ನಾಳೆ ಅವರ ತರಗತಿಯಲ್ಲಿ ಕೂತು ಮಾತಾಡುವ ಹುಡುಗ ಅಥವಾ ಹುಡುಗಿ ಎಂಥವರು ಅಂತ ಅವರು ಇದರಿಂದಲೇ ಊಹಿಸಬೇಕು.

3. ವಿಷಯ ಹುಡುಕುವುದು

ಹೆಚ್ಚು ಹೊತ್ತು ತಗೊಳ್ಳುವ ಹಂತ ಇದೇ. ತಗೊಳ್ಳಲಿ ಬಿಡಿ.

ಮೊದಲು ಪಕ್ಕಕ್ಕಿಡಬೇಕಾದ ವಿಷಯಗಳನ್ನು ಹೇಳಿಬಿಡುತ್ತೇನೆ. ಚಿತ್ರದುರ್ಗದ ಮಕ್ಕಳು ಕೋಟೆ, ಒನಕೆ ಓಬವ್ವ ಅಂತ ಶುರು ಮಾಡುತ್ತಾರೆ. ಓಬವ್ವನ ಬಗ್ಗೆ ಅಷ್ಟು ಚೆನ್ನಾಗಿ ಬರೆದರೆ ಸೀಟು ಓಬವ್ವನಿಗೆ ಕೊಡಬೇಕಾಗುತ್ತದೆ, ನಿಮಗಲ್ಲ. ದಾವಣಗೆರೆಯವರು ಬೆಣ್ಣೆ ದೋಸೆ, ಹತ್ತಿ ಗಿರಣಿ, ಗಾಜಿನ ಮನೆ ಅಂತ ಊರಿನ ಪರಿಚಯ ಪತ್ರ ಬರೆಯುತ್ತಾರೆ. ಕ್ರಿಕೆಟ್ ಫೈನಲ್‌ನಲ್ಲಿ ಸೋತು ಪಾಠ ಕಲಿತದ್ದು, ಅನಾಥಾಶ್ರಮಕ್ಕೆ ಒಂದು ದಿನ ಹೋಗಿ ಹಣ್ಣು ಹಂಚಿ ಕಣ್ಣು ತೆರೆದದ್ದು, ಅಬ್ದುಲ್ ಕಲಾಂ ಸ್ಫೂರ್ತಿ ಕೊಟ್ಟದ್ದು, ಇವೂ ಆ ಸಾಲಿನವೇ. ಬರೆಯಬಾರದು ಅಂತ ಕಾನೂನೇನಿಲ್ಲ. ಆದರೆ ನಿಮ್ಮ ಹೆಸರು ಅಳಿಸಿ ಪಕ್ಕದ ಬೆಂಚಿನವರ ಹೆಸರು ಬರೆದರೂ ನಡೆಯುವ ಪ್ರಬಂಧದಿಂದ ನಿಮಗೇನೂ ಸಿಗುವುದಿಲ್ಲ.

ಇನ್ನು ಹುಡುಕುವ ಬಗೆ. ಒಂದು ಹಳೇ ನೋಟ್‌ಬುಕ್ ತಗೊಂಡು ಈ ಪ್ರಶ್ನೆಗಳಿಗೆ ಬರೆಯುತ್ತಾ ಹೋಗಿ. ಒಂದೇ ಕೂತಲ್ಲಿ ಮುಗಿಸಬೇಡಿ, ವಾರಗಟ್ಟಲೆ ನಡೆಯಲಿ.

ಮನೆಯಲ್ಲಿ ನಿಮ್ಮನ್ನೇ ಕರೆದು ಮಾಡಿಸುವ ಕೆಲಸ ಯಾವುದು? ಅಡಿಕೆ ಮಂಡಿಯ ಚೀಟಿ ಓದಿ ಅಪ್ಪನಿಗೆ ಲೆಕ್ಕ ಹೇಳುವುದೋ, ಅಜ್ಜಿಯ ಬಿಪಿ ಮಾತ್ರೆ ಡಬ್ಬಿಗೆ ತುಂಬುವುದೋ, ಕೆಟ್ಟ ಮಿಕ್ಸಿ ಬಿಚ್ಚುವುದೋ. ಯಾಕೆ ನಿಮ್ಮನ್ನೇ ಕರೆಯುತ್ತಾರೆ?

ಯಾವ ವಿಷಯಕ್ಕೆ ನೀವು ಸುಮ್ಮನೆ ಬಿಡದೆ ವಾದ ಮಾಡುತ್ತೀರಿ?

ಬೇರೆಯವರಿಗೆ ಬೋರು, ನಿಮಗೆ ಮಾತ್ರ ಬಿಡಲಾಗದ್ದು ಯಾವುದು? ದುರ್ಗದ ಸುತ್ತ ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಅಕ್ಕಪಕ್ಕದ ಎರಡರಲ್ಲಿ ಒಂದು ತಿರುಗಿ ಇನ್ನೊಂದು ನಿಂತಿರುವುದು ಯಾಕೆ ಅಂತ ಬಸ್ಸಿನ ಕಿಟಕಿಯಿಂದ ನೋಡುತ್ತಲೇ ಇರುವ ಹುಡುಗ ಇದ್ದರೆ, ಅವನಿಗೆ ವಿಷಯ ಸಿಕ್ಕಿದ ಹಾಗೆ.

ನಿಮ್ಮ ಮನಸ್ಸು ಬದಲಾದದ್ದು ಯಾವಾಗ? ಯಾವುದನ್ನು ಮೊದಲು ಹೌದು ಅಂದುಕೊಂಡಿದ್ದಿರಿ, ಆಮೇಲೆ ಅಲ್ಲ ಅನ್ನಿಸಿತು?

ದೊಡ್ಡ ಘಟನೆಯೇ ಬೇಕು ಅಂತ ಅನ್ನಿಸಿದರೂ ಅದರೊಳಗಿನ ನಿಮ್ಮ ಚೂರನ್ನು ಹಿಡಿಯಿರಿ. 2022ರಲ್ಲಿ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಅಣೆಕಟ್ಟು, ಕೋಡಿ ಬಿದ್ದಿತು, 1933ರ ನಂತರ ಮೊದಲ ಸಲ. ಜನ ಗಾಡಿ ಮಾಡಿಕೊಂಡು ಹೋಗಿ ನೋಡಿದರು. ‘ಅಂದು ಇಡೀ ಜಿಲ್ಲೆ ಸಂಭ್ರಮಿಸಿತು’ ಅನ್ನುವ ಸಾಲು ಪತ್ರಿಕೆಯದ್ದು. ಮಾರಿಕಣಿವೆ ತುಂಬಿದ್ದನ್ನು ಮನೆಯ ಅಜ್ಜಿಯೂ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವತ್ತು ನೀರಿನ ಮುಂದೆ ನಿಂತು ಅಜ್ಜಿ ಏನಂದರು, ನೀವೇನು ಯೋಚಿಸಿದಿರಿ, ಅದು ನಿಮ್ಮದು.

4. ಬರೆಯುವ ಮೊದಲು ಬಾಯಲ್ಲಿ ಹೇಳಿ

ವಿಷಯ ಸಿಕ್ಕ ಕೂಡಲೇ ಇಂಗ್ಲಿಷಿನಲ್ಲಿ ಬರೆಯಲು ಕೂರಬೇಡಿ. ಕನ್ನಡ ಮಾಧ್ಯಮದವರಿಗೆ ಮಾತ್ರ ಹೇಳುತ್ತಿರುವ ಮಾತಲ್ಲ ಇದು, ಇಂಗ್ಲಿಷ್ ಮಾಧ್ಯಮದವರಿಗೂ ಹೇಳುತ್ತೇನೆ. ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿ, ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ, ಗೆಳೆಯನಿಗೆ ಹೇಳುವ ಹಾಗೆ ಹತ್ತು ನಿಮಿಷ ಹೇಳಿ. ಉರ್ದುವಾದರೆ ಉರ್ದು, ಲಂಬಾಣಿಯಾದರೆ ಲಂಬಾಣಿ. ಆಮೇಲೆ ಕೇಳಿಸಿಕೊಳ್ಳಿ. ದನಿ ಎಲ್ಲಿ ಚುರುಕಾಯಿತು, ಎಲ್ಲಿ ‘ಅಲ್ಲಾ, ಏನಾಯ್ತು ಗೊತ್ತಾ’ ಅಂದಿರಿ, ಆ ಜಾಗ ಗುರುತು ಮಾಡಿಕೊಳ್ಳಿ. ಪ್ರಬಂಧ ಇರುವುದು ಅಲ್ಲೇ. ನೇರ ಇಂಗ್ಲಿಷಿನಲ್ಲಿ ಬರೆದರೆ ಎಲ್ಲೋ ಓದಿದ ವಾಕ್ಯಗಳೇ ಮೊದಲು ಬರುತ್ತವೆ.

5. ಮೊದಲ ಡ್ರಾಫ್ಟ್ ಮತ್ತು ಅದರ ರಿಪೇರಿ

ಇದನ್ನು ಒಂದು ಉದಾಹರಣೆ ಇಟ್ಟುಕೊಂಡು ನಿಧಾನವಾಗಿ ನೋಡೋಣ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಮನೆಯ ಹುಡುಗಿ ಅಂತ ಇಟ್ಟುಕೊಳ್ಳಿ. ಸ್ಟ್ಯಾಟಿಸ್ಟಿಕ್ಸ್ ಓದುವ ಆಸೆ. ಅವಳು ಬರೆಯುವುದು ಇಂಗ್ಲಿಷಿನಲ್ಲಾದರೂ ಇಲ್ಲಿ ಕನ್ನಡದಲ್ಲೇ ತೋರಿಸುತ್ತೇನೆ. ಮೊದಲ ಡ್ರಾಫ್ಟ್ ಸಾಮಾನ್ಯವಾಗಿ ಹೀಗೆ ಬರುತ್ತದೆ:

“ಕರ್ನಾಟಕದ ಮ್ಯಾಂಚೆಸ್ಟರ್ ಎಂದೇ ಹೆಸರಾದ ದಾವಣಗೆರೆಯಲ್ಲಿ ನಾನು ಹುಟ್ಟಿದೆ. ನನ್ನ ತಂದೆ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ಬಿಸಿಲು ಮಳೆ ಎನ್ನದೆ ದುಡಿಯುವ ಅವರೇ ನನಗೆ ಸ್ಫೂರ್ತಿ. ಅವರಿಂದ ನಾನು ಶಿಸ್ತು, ಪ್ರಾಮಾಣಿಕತೆ ಮತ್ತು ತಾಳ್ಮೆಯನ್ನು ಕಲಿತೆ.”

ಇದರಲ್ಲಿ ಸುಳ್ಳೇನಿಲ್ಲ. ಆದರೆ ಅಪ್ಪ ಕಾಣಿಸುವುದಿಲ್ಲ, ಮಗಳು ಮೊದಲೇ ಕಾಣಿಸುವುದಿಲ್ಲ. ‘ತಾಳ್ಮೆ’ ಅನ್ನುವುದು ಅವಳು ಕೊಟ್ಟ ಸರ್ಟಿಫಿಕೇಟು. ಓದುವವರು ಅದನ್ನು ಯಾಕೆ ನಂಬಬೇಕು? ಹೀಗಿದ್ದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳ: ಅಪ್ಪ ಬೆಳಿಗ್ಗೆ ಎದ್ದು ಮೊದಲು ಏನನ್ನು ಮುಟ್ಟುತ್ತಾರೆ? ಆಗ ಮಾತು ಹೊರಗೆ ಬರುತ್ತದೆ.

“ಭಟ್ಟಿ ಹೊತ್ತಿಸುವ ಮೊದಲು ಅಪ್ಪ ನಾಲ್ಕು ಕಾಳು ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು ಕಡಿಯುತ್ತಾರೆ. ‘ಇನ್ನಾ ಹಸಿ ಐತಿ, ತಡಿಯವ್ವ’ ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಡಿಯುತ್ತಾರೆ. ಹಸಿ ಜಾಸ್ತಿಯಿದ್ದರೆ ಕಾದ ಮರಳಿನಲ್ಲಿ ಅಕ್ಕಿ ಸರಿಯಾಗಿ ಅರಳುವುದಿಲ್ಲ. ತೀರಾ ಒಣಗಿದ್ದರೂ ಅರಳುವುದಿಲ್ಲ. ಕಾಳಿನ ಒಳಗಿನ ನೀರು ಆವಿಯಾಗಿ ಅದನ್ನು ಉಬ್ಬಿಸಬೇಕು. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದೆ. ಅಪ್ಪನ ಹಲ್ಲಿಗೆ ಮೊದಲೇ ಗೊತ್ತಿತ್ತು.”

ಈಗ ಒಬ್ಬ ಮನುಷ್ಯ ಕಂಡ. ಆದರೆ ಎಚ್ಚರ, ಇಲ್ಲಿಗೆ ನಿಲ್ಲಿಸಿದರೆ ಸೀಟು ಅಪ್ಪನಿಗೆ ಹೋಗುತ್ತದೆ. ಮಗಳು ಎಲ್ಲಿ? ಮತ್ತೆ ಕೇಳಿದಾಗ ಹೇಳುತ್ತಾಳೆ. ಅಪ್ಪನ ಹಲ್ಲಿಗಿಂತ ತನ್ನ ಲೆಕ್ಕವೇ ಸರಿ ಅಂತ ತೋರಿಸುವ ಹಟ ಅವಳಿಗೆ. ಒಂದು ಬಟ್ಟಲು ಅಕ್ಕಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಳು, ಪೂರ್ತಿ ಒಣಗಿಸಿ ಮತ್ತೆ ತೂಗಿದಳು. ಎರಡರ ವ್ಯತ್ಯಾಸವೇ ನೀರು. ಯಾವ ದಿನ ಎಷ್ಟು ನೀರಿತ್ತು, ಮಂಡಕ್ಕಿ ಹೇಗೆ ಬಂತು ಅಂತ ಪಟ್ಟಿ ಮಾಡಿಟ್ಟಳು. ಹೆಚ್ಚಿನ ದಿನ ಅವಳ ಅಂಕಿಯೂ ಅಪ್ಪನ ಹಲ್ಲೂ ಒಂದೇ ಮಾತು ಹೇಳಿದವು. ಮಳೆಗಾಲದ ಒಂದು ಬೆಳಿಗ್ಗೆ ಮಾತ್ರ ಅಂಕಿ ‘ಸರಿಯಿದೆ’ ಅಂದಿತು, ಅಪ್ಪ ‘ಇಲ್ಲ’ ಅಂದರು. ಗೆದ್ದದ್ದು ಅಪ್ಪ. ಯಾಕೆ? ಅವಳು ಬಟ್ಟಲು ತುಂಬಿದ್ದು ರಾಶಿಯ ಮೇಲಿನಿಂದ. ಅಪ್ಪ ತೋಳು ಮಡಚಿ, ರಾಶಿಯ ಒಳಗೆ ಕೈ ತೂರಿಸಿ ಕಾಳು ತೆಗೆದಿದ್ದರು. ಮೇಲಿನದು ಬೇಗ ಒಣಗುತ್ತದೆ, ಒಳಗಿನದು ಒಣಗಿರುವುದಿಲ್ಲ.

ನೋಡಿ, ಪ್ರಬಂಧ ಅಂದರೆ ಇದು. ಸ್ಯಾಂಪಲ್ ಎಲ್ಲಿಂದ ತೆಗೆಯುತ್ತೀವಿ ಅನ್ನುವುದು ಸ್ಟ್ಯಾಟಿಸ್ಟಿಕ್ಸಿನ ಮೊದಲ ಪ್ರಶ್ನೆ. ಅದನ್ನು ಅವಳು ಅಕ್ಕಿ ರಾಶಿಯಲ್ಲಿ ಕಂಡುಕೊಂಡಳು. ‘ನನಗೆ ಸ್ಟ್ಯಾಟಿಸ್ಟಿಕ್ಸ್ ತುಂಬಾ ಇಷ್ಟ’ ಅಂತ ಬರೆಯುವ ಅಗತ್ಯವೇ ಬೀಳುವುದಿಲ್ಲ. ತಾಳ್ಮೆಯೂ ಇದೆ, ಹಟವೂ ಇದೆ, ಅಪ್ಪನ ಮೇಲಿನ ಗೌರವವೂ ಇದೆ. ಒಂದನ್ನೂ ಹೆಸರಿಟ್ಟು ಕರೆದಿಲ್ಲ.

ನಿಮ್ಮ ಡ್ರಾಫ್ಟನ್ನೂ ಇದೇ ರೀತಿ ಹಿಂಡಬೇಕು. ಗುಣವಾಚಕ ಕಂಡ ಕಡೆಯೆಲ್ಲ ‘ಅದು ನನಗೆ ಹೇಗೆ ಗೊತ್ತಾಯಿತು?’ ಅಂತ ಕೇಳಿ, ಸಿಕ್ಕ ಉತ್ತರವನ್ನು ಆ ಪದದ ಜಾಗದಲ್ಲಿ ಬರೆಯಿರಿ.

ಅಳತೆ ಬೇಕಾದವರಿಗೆ ಒಂದು ಅಂದಾಜು ಕೊಡುತ್ತೇನೆ. 650ರಲ್ಲಿ ನೂರು, ನೂರಿಪ್ಪತ್ತು ಪದ ದೃಶ್ಯಕ್ಕೆ. ಮುನ್ನೂರೈವತ್ತಕ್ಕೆ ಕಡಿಮೆಯಿಲ್ಲದಂತೆ ನೀವು ಮಾಡಿದ್ದು, ಯೋಚಿಸಿದ್ದು, ಎಡವಿದ್ದು. ಉಳಿದದ್ದು ಅದು ನಿಮ್ಮನ್ನು ಈಗ ಎಲ್ಲಿಗೆ ತಂದಿದೆ ಅನ್ನುವುದಕ್ಕೆ. ಹೆಚ್ಚಿನ ಡ್ರಾಫ್ಟ್‌ಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಅರ್ಧ ಪ್ರಬಂಧ ಬರೀ ಹಿನ್ನೆಲೆ.

6. ಕಷ್ಟದ ಕಥೆ ಬರೆಯಬೇಕಾ?

ಇದನ್ನು ಎಲ್ಲರೂ ಕೇಳುತ್ತಾರೆ. ಬಡತನ, ಬರ, ಸಾಲ, ಅಮ್ಮನ ಕಾಯಿಲೆ ಬರೆದರೆ ಕರುಣೆಗೆ ಸೀಟು ಕೊಡ್ತಾರೆ ಅನ್ನೋ ನಂಬಿಕೆ ಎಲ್ಲಿಂದಲೋ ಹಬ್ಬಿದೆ. ಅದನ್ನು ನಂಬಿ ಇಲ್ಲದ ಕಷ್ಟ ಸೃಷ್ಟಿ ಮಾಡುವವರೂ ಇದ್ದಾರೆ. ಅದು ಬೇಡವೇ ಬೇಡ. ಶಿಫಾರಸು ಪತ್ರದಲ್ಲೋ ಸಂದರ್ಶನದಲ್ಲೋ ಸುಳ್ಳು ಹೊರಬಿದ್ದರೆ ಅರ್ಜಿಯೇ ಹೋಯಿತು.

ಕಷ್ಟ ನಿಜವಾಗಿ ಇದ್ದರೆ ಬರೆಯಿರಿ, ಸಂಕೋಚ ಬೇಡ. ಆದರೆ ಕಷ್ಟವೇ ಪ್ರಬಂಧವಾಗಬಾರದು. ಚಳ್ಳಕೆರೆ ಕಡೆಯ ಹುಡುಗನ ಹೊಲದಲ್ಲಿ ಬೋರ್‌ವೆಲ್ ಫೇಲ್ ಆಯಿತು ಅನ್ನಿ. ‘ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು, ಅವತ್ತೇ ನಾನು ಎಂಜಿನಿಯರ್ ಆಗಬೇಕು ಅಂತ ನಿರ್ಧರಿಸಿದೆ’ ಎಂದು ಬರೆದರೆ ಸಿನಿಮಾ ಆಗುತ್ತದೆ. ಅದೇ ಹುಡುಗ ಬೋರ್ ಕೊರೆಸುವ ಮುಂಚಿನ ದಿನಕ್ಕೆ ಹೋಗಲಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು ನೀರಿನ ಜಾಗ ಹೇಳುವವರನ್ನು ಅಪ್ಪ ಕರೆಸಿದ್ದರು. ವಿಜ್ಞಾನ ಓದುವ ಇವನಿಗೆ ಅದರಲ್ಲಿ ನಂಬಿಕೆಯಿಲ್ಲ, ಅಪ್ಪನ ಮುಂದೆ ಹೇಳುವ ಧೈರ್ಯವೂ ಇಲ್ಲ. ಸುಮ್ಮನೆ ಗುರುತಿನ ಗೂಟ ಹೊಡೆದ. ಆಮೇಲೆ ಅಕ್ಕಪಕ್ಕದ ಹೊಲದವರನ್ನೆಲ್ಲ ಕೇಳಿ, ಯಾರ ಬೋರ್ ಎಷ್ಟು ಅಡಿ, ನೀರು ಬಂತಾ ಇಲ್ಲವಾ ಅಂತ ಫೋನಿನ ಮ್ಯಾಪಿನಲ್ಲಿ ಚುಕ್ಕೆ ಹಾಕುತ್ತಾ ಹೋದ. ಮುಂದಿನ ಸಲ ಬೋರ್ ಮಾತು ಬಂದಾಗ ಅಪ್ಪನ ಮುಂದೆ ಆ ಮ್ಯಾಪ್ ಇಟ್ಟ. ಅಪ್ಪ ಒಪ್ಪಿದರೋ ಬಿಟ್ಟರೋ, ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ಒಪ್ಪದಿದ್ದರೆ ಪ್ರಬಂಧ ಇನ್ನೂ ಚೆನ್ನಾಗಿರುತ್ತದೆ ಅಂತ ನನ್ನ ಲೆಕ್ಕ.

ಒಂದು ಕಿವಿಮಾತು. ಮನೆಯವರ ಖಾಸಗಿ ಸಂಗತಿ, ಅದರಲ್ಲೂ ಕಾಯಿಲೆ, ಕುಡಿತ, ಜಗಳ ಬರೆಯುವ ಮುನ್ನ ಅವರನ್ನು ಒಂದು ಮಾತು ಕೇಳಿ. ಕೆಲವು ನೋವು ಇನ್ನೂ ಹಸಿಯಾಗಿರುತ್ತದೆ. ಬರೆಯಲು ಕೂತರೆ ಕೈ ನಡುಗುತ್ತದೆ ಅನ್ನುವಂಥದ್ದನ್ನು ಈ ಅರ್ಜಿಗಾಗಿ ಕೆದಕಬೇಕಿಲ್ಲ. ಬೇರೆ ವಿಷಯ ಸಿಕ್ಕೇ ಸಿಗುತ್ತದೆ. ಓದು ನಿಂತದ್ದಕ್ಕೆ, ಅಂಕ ಕುಸಿದದ್ದಕ್ಕೆ ಕಾರಣ ತಿಳಿಸಲೇಬೇಕಾದರೆ ಕಾಮನ್ ಆ್ಯಪ್‌ನಲ್ಲಿ ಹೆಚ್ಚುವರಿ ಮಾಹಿತಿಗೆ ಅಂತಲೇ ಜಾಗವಿದೆ. ಅಲ್ಲಿ ಚುಟುಕಾಗಿ ಹೇಳಿ ಮುಗಿಸಿ.

7. ಶುರು ಮತ್ತು ಕೊನೆ

ಶುರುವನ್ನು ಕೊನೆಗೆ ಬರೆಯಿರಿ. ಮೊದಲ ಡ್ರಾಫ್ಟಿನ ಮೊದಲ ಪ್ಯಾರಾ ಬಹುತೇಕ ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಮುಗಿದಿರುತ್ತದೆ. ಅದನ್ನು ಬೆರಳಿನಿಂದ ಮುಚ್ಚಿ ಎರಡನೇ ಪ್ಯಾರಾದಿಂದ ಓದಿ. ಏನೂ ಕಳೆದಿಲ್ಲ ಅನ್ನಿಸಿದರೆ ಅಳಿಸಿಬಿಡಿ. ಗಾಂಧೀಜಿ, ವಿವೇಕಾನಂದರ ಹೇಳಿಕೆಯಿಂದ ಶುರು ಮಾಡುವುದು ಬೇಡ. ನಿಘಂಟಿನ ಅರ್ಥದಿಂದಲೂ ಬೇಡ. ‘ಚಿಕ್ಕ ವಯಸ್ಸಿನಿಂದಲೂ ನನಗೆ’ ಅಂತೂ ಬೇಡವೇ ಬೇಡ. ಮಿರ್ಚಿಗೆ ಹಿಟ್ಟು ಜಾಸ್ತಿಯಾದರೆ ಒಳಗಿನ ಮೆಣಸಿನಕಾಯಿ ಹುಡುಕಬೇಕಾಗುತ್ತದಲ್ಲ, ಹಾಗಾಗುತ್ತದೆ.

ತೀರಾ ನಾಟಕೀಯ ಶುರುವೂ ಅಪಾಯ. 2007ರಲ್ಲಿ ಬ್ರಿಟನ್ನಿನ ಯುಕಾಸ್ ಸಂಸ್ಥೆ ಸುಮಾರು 50,000 ಅರ್ಜಿಗಳನ್ನು ಕಂಪ್ಯೂಟರಿನಿಂದ ಒಂದಕ್ಕೊಂದು ತಾಳೆ ನೋಡಿಸಿತು. ಎಂಟನೇ ವಯಸ್ಸಿನಲ್ಲಿ ಪೈಜಾಮಕ್ಕೆ ತೂತು ಬೀಳುವಂತೆ ಸುಟ್ಟುಕೊಂಡ ಪ್ರಸಂಗ 234 ಜನರ ಅರ್ಜಿಯಲ್ಲಿ ಸಿಕ್ಕಿತು! 175 ಅರ್ಜಿಗಳಲ್ಲಿ ವಯಸ್ಸಾಗಿ ಸೊರಗಿದ ಅಜ್ಜ ಇದ್ದರು. ಅಷ್ಟು ಜನರ ಪೈಜಾಮ ಒಂದೇ ರೀತಿ ಸುಡಲು ಸಾಧ್ಯವಾ? ಜಾಲತಾಣದ ಮಾದರಿಗಳನ್ನು ನಕಲು ಮಾಡಿದ್ದರು, ಅಷ್ಟೇ. ಮಾದರಿ ಪ್ರಬಂಧ ಓದುವುದಾದರೆ ಒಂದೆರಡು ಓದಿ ಮುಚ್ಚಿಡಿ. ಜಾಸ್ತಿ ಓದಿದಷ್ಟೂ ಅದರ ದನಿ ನಿಮಗೆ ಅಂಟಿಕೊಳ್ಳುತ್ತದೆ.

ಕೊನೆಯಲ್ಲಿ ನಮ್ಮ ಮಕ್ಕಳು ಭಾಷಣಕ್ಕೆ ಇಳಿಯುತ್ತಾರೆ. ‘ಹೀಗೆ ಭಟ್ಟಿಯು ನನಗೆ ಜೀವನದ ಪಾಠ ಕಲಿಸಿತು, ನಿಮ್ಮ ವಿಶ್ವವಿದ್ಯಾಲಯದಲ್ಲಿ ಓದಿ ಸಮಾಜಕ್ಕೆ ಕೊಡುಗೆ ನೀಡುತ್ತೇನೆ.’ ಉಪಸಂಹಾರದ ಹಳೇ ಚಾಳಿ. ಆ ಹುಡುಗಿ ‘ಈಗ ನಾನೂ ಮೊಣಕೈವರೆಗೆ ಕೈ ತೂರಿಸಿ ಅಕ್ಕಿ ತೆಗೆಯುತ್ತೇನೆ, ಅಪ್ಪ ಮಾತ್ರ ಇನ್ನೂ ಕಡಿದೇ ನೋಡುತ್ತಾರೆ’ ಅಂತ ನಿಲ್ಲಿಸಿದರೆ ಸಾಕು. ಉಳಿದದ್ದು ಓದುವವರಿಗೆ ಅರ್ಥವಾಗುತ್ತದೆ.

8. ಇಂಗ್ಲಿಷಿನ ಭಯ

ಸರಳ ಇಂಗ್ಲಿಷ್ ಸಾಕು. ಸಣ್ಣ ವಾಕ್ಯ, ಗೊತ್ತಿರುವ ಪದ. ದೊಡ್ಡ ಪದ ಹುಡುಕಿ ತಂದು ಕೂರಿಸಿದರೆ ಅದು ಬಾಡಿಗೆ ಕೋಟು ಅಂತ ಓದುವವರಿಗೆ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ವ್ಯಾಕರಣದ ತಪ್ಪು ಮಾತ್ರ ತಿದ್ದಿಸಿಕೊಳ್ಳಿ.

ಮಂಡಕ್ಕಿ, ಭಟ್ಟಿ, ಕಣ, ಅಜ್ಜಿ, ಇವನ್ನು ಹಾಗೇ ಇಡಬಹುದು. ಮೊದಲ ಸಲ ಬಂದಾಗ ಅದೇ ವಾಕ್ಯದಲ್ಲಿ ಅರ್ಥ ಹೊಳೆಯುವ ಹಾಗೆ ಬರೆದರೆ ಆಯಿತು. ಊರ ಪದ ಜಾಸ್ತಿಯೂ ಬೇಡ, ನಾಲ್ಕೈದು ಸಾಕು. ಲಕ್ಷ, ಕೋಟಿ, ಗುಂಟೆ, ಕ್ವಿಂಟಾಲ್ ಅಂದರೆ ಅಲ್ಲಿನವರಿಗೆ ತಿಳಿಯದು. ಅವರ ಅಳತೆಗೆ ಬದಲಾಯಿಸಿ ಅಥವಾ ಬಿಡಿ. ಎರಡನೇ ಪಿಯು ಅಂದರೆ 12ನೇ ತರಗತಿ ಅಂತ ಬರೆಯಿರಿ.

9. ಕತ್ತರಿಸಿ, ತೋರಿಸಿ, ಮತ್ತೆ ಕತ್ತರಿಸಿ

ಡ್ರಾಫ್ಟ್ ಮುಗಿದ ಮೇಲೆ ಕೆಲವು ದಿನ ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ವಾಕ್ಯ ಮುರಿಯಿರಿ. 900 ಪದ ಬರೆದು 650ಕ್ಕೆ ಇಳಿಸಿದ ಪ್ರಬಂಧ, ಎಳೆದೂ ಎಳೆದೂ 650 ಮುಟ್ಟಿಸಿದ್ದಕ್ಕಿಂತ ಯಾವತ್ತೂ ಬಿಗಿಯಾಗಿರುತ್ತದೆ.

ಯಾರಿಗೆ ತೋರಿಸಬೇಕು? ಇಬ್ಬರಿಗೆ. ನಿಮ್ಮನ್ನು ಚೆನ್ನಾಗಿ ಬಲ್ಲವರೊಬ್ಬರು, ಬರವಣಿಗೆ ಬಲ್ಲವರೊಬ್ಬರು. ಮೊದಲನೆಯವರನ್ನು ‘ಇದು ನನ್ನ ಥರ ಇದೆಯಾ?’ ಅಂತ ಕೇಳಿ. ಎರಡನೆಯವರನ್ನು ‘ಎಲ್ಲಿ ಬೋರಾಯಿತು?’ ಅಂತ ಕೇಳಿ. ಹತ್ತು ಜನರಿಗೆ ಕಳಿಸಿದರೆ ಹತ್ತು ದಿಕ್ಕಿಗೆ ಎಳೆಯುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಮಾವ ಒಬ್ಬರಂತೂ ಎಲ್ಲ ಮನೆಯಲ್ಲೂ ಇರುತ್ತಾರೆ. ‘ಲೀಡರ್‌ಶಿಪ್’, ‘ಟೀಮ್‌ವರ್ಕ್’ ಅಂತ ಸೇರಿಸಿ ವಾಪಸ್ ಕಳಿಸುತ್ತಾರೆ. ಥ್ಯಾಂಕ್ಸ್ ಹೇಳಿ, ಸೇರಿಸಿದ್ದನ್ನು ತೆಗೆದುಹಾಕಿ.

ಎಐ ಬಳಸಿ ಬರೆಸುವುದರ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಕಾಮನ್ ಆ್ಯಪ್ ನಿಯಮದ ಪ್ರಕಾರ ಎಐ ಬರೆದುಕೊಟ್ಟ ಮುಖ್ಯ ಬರಹವನ್ನು ನಿಮ್ಮದು ಅಂತ ಕಳಿಸುವುದು ವಂಚನೆ. ಯುಕಾಸ್ ಕೂಡ ಹೋಲಿಕೆ ಪತ್ತೆ ಮಾಡುವ ವ್ಯವಸ್ಥೆ ಇಟ್ಟುಕೊಂಡಿದೆ. ನಿಯಮದ ಮಾತು ಹಾಗಿರಲಿ, ರಾಶಿಯ ಒಳಗೆ ಕೈ ತೂರಿಸಿದ ಅಪ್ಪ ಆ ಯಂತ್ರಕ್ಕೆ ಗೊತ್ತಿಲ್ಲ. ನೀವು ಹೇಳದಿದ್ದರೆ ಅದು ‘ಶಿಸ್ತು, ಪ್ರಾಮಾಣಿಕತೆ, ತಾಳ್ಮೆ’ ಅಂತಲೇ ಬರೆಯುತ್ತದೆ. ದುಡ್ಡು ತಗೊಂಡು ಬರೆದುಕೊಡುವ ಕನ್ಸಲ್ಟೆನ್ಸಿಗಳಿಗೂ ಇದೇ ಮಾತು.

10. ಬ್ರಿಟನ್ನಿಗೆ ಹಾಕುವವರು ಇಲ್ಲಿ ನಿಲ್ಲಿ

ಯುಕಾಸ್ ಅರ್ಜಿಗೆ ಮಂಡಕ್ಕಿ ಕಥೆ ಇಷ್ಟು ಉದ್ದ ನಡೆಯದು. ಅವರಿಗೆ ಮುಖ್ಯ ನೀವು ಓದಬೇಕೆಂದಿರುವ ವಿಷಯ. 2026ರ ಪ್ರವೇಶದಿಂದ ಹಳೇ ಒಂದೇ ಉದ್ದ ಪ್ರಬಂಧದ ಬದಲು 3 ಪ್ರಶ್ನೆ ಬಂದಿವೆ. ಈ ಕೋರ್ಸ್ ಯಾಕೆ ಓದಬೇಕು, ಇಲ್ಲಿಯವರೆಗಿನ ಓದು ಅದಕ್ಕೆ ಹೇಗೆ ತಯಾರು ಮಾಡಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ ಮತ್ತು ಅದು ಹೇಗೆ ಉಪಯೋಗಕ್ಕೆ ಬರುತ್ತದೆ. ಒಂದೊಂದಕ್ಕೂ ಕನಿಷ್ಠ 350 ಅಕ್ಷರ, ಮೂರೂ ಸೇರಿ 4,000 ಅಕ್ಷರ ದಾಟಬಾರದು. ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಒಂದೇ ಬರಹ ನೀವು ಆರಿಸಿದ ಎಲ್ಲ ವಿಶ್ವವಿದ್ಯಾಲಯಗಳಿಗೂ ಹೋಗುವುದರಿಂದ ಯಾವುದೇ ಒಂದರ ಹೆಸರು ಬರೆಯಬೇಡಿ. ಮಂಡಕ್ಕಿ ಹುಡುಗಿ ಇಲ್ಲಿ ಮೂರನೇ ಪ್ರಶ್ನೆಗೆ ಆ ಪಟ್ಟಿಯ ಕಥೆಯನ್ನು ಐದಾರು ಸಾಲಲ್ಲಿ ಹೇಳಬಹುದು. ಉಳಿದೆರಡರಲ್ಲಿ ಓದಿದ ಪುಸ್ತಕ, ಮಾಡಿದ ಲೆಕ್ಕ, ಅದರಿಂದ ಹುಟ್ಟಿದ ಪ್ರಶ್ನೆ.

11. ಯಾವಾಗ ಶುರು ಮಾಡಬೇಕು, ಹೇಗೆ ಕಳಿಸಬೇಕು

ಎರಡನೇ ಪಿಯು ಶುರುವಾದಾಗಲೇ ನೋಟ್‌ಬುಕ್ ಇಡಿ. ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಬೇಗ ಹಾಕುವವರಿಗೆ ಹೆಚ್ಚಿನ ಕಾಲೇಜುಗಳಲ್ಲಿ ನವೆಂಬರ್ ಮೊದಲ ಭಾಗದಲ್ಲಿ ಕೊನೆ ದಿನ, ಉಳಿದವರಿಗೆ ಜನವರಿ ಆಸುಪಾಸು. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಬ್ರಿಟನ್ನಿನ ಮೆಡಿಕಲ್ ಕೋರ್ಸ್‌ಗಳಿಗೆ ಅಕ್ಟೋಬರ್ 15. ನಮ್ಮಲ್ಲಿ ಜನವರಿ ಅಂದರೆ ಪ್ರಿಪರೇಟರಿ ಪರೀಕ್ಷೆಯ ಹೊತ್ತು, ಅದರ ಹಿಂದೆಯೇ ಬೋರ್ಡ್ ಪರೀಕ್ಷೆ, ಸಿಇಟಿ. ಹಾಗಾಗಿ ದಸರಾ ರಜೆಯೊಳಗೆ ಮುಖ್ಯ ಪ್ರಬಂಧ ಮುಗಿಸಿಡಿ. ದೀಪಾವಳಿ ನಂತರ ಸಣ್ಣ ಪ್ರಬಂಧಗಳು ಮಾತ್ರ ಉಳಿದಿರಲಿ.

ಬರೆಯುವುದನ್ನು ಬೇರೆ ಫೈಲಿನಲ್ಲಿ ಬರೆದು ಆಮೇಲೆ ಅರ್ಜಿಯಲ್ಲಿ ಪೇಸ್ಟ್ ಮಾಡಿ. ಪೇಸ್ಟ್ ಮಾಡಿದಾಗ ಪ್ಯಾರಾ ನಡುವಿನ ಅಂತರ ಹಾರಿಹೋಗಿರಬಹುದು, ಪದಗಳ ಲೆಕ್ಕವೂ ಕೆಲವೊಮ್ಮೆ ಬೇರೆ ತೋರಿಸುತ್ತದೆ. ಕಳಿಸುವ ಮೊದಲು ಪ್ರಿವ್ಯೂ ತೆರೆದು ಕೊನೆಯ ಸಾಲಿನವರೆಗೂ ಓದಿ. ‘ನಮ್ಮ ಕಾಲೇಜೇ ಯಾಕೆ’ ಪ್ರಬಂಧದಲ್ಲಿ ಇನ್ನೊಂದು ಕಾಲೇಜಿನ ಹೆಸರು ಉಳಿದುಕೊಂಡಿದೆಯಾ ಅಂತ ಎರಡು ಸಲ ನೋಡಿ. ನಗಬೇಡಿ, ಸುಸ್ತಾಗಿ ಕೂತ ರಾತ್ರಿ ಇದು ಯಾರಿಗೂ ಆಗಬಹುದು.

ಯುಕಾಸ್‌ನ ಜನವರಿ ಗಡುವು ಅಲ್ಲಿನ ಸಂಜೆ 6 ಗಂಟೆ. ನಮಗೆ ಅದು ರಾತ್ರಿ 11.30. ಅಷ್ಟು ಹೊತ್ತಲ್ಲಿ ಕರೆಂಟ್ ಹೋದರೆ, ನೆಟ್ ಕೈಕೊಟ್ಟರೆ, ಅಪ್ಪನ ಕಾರ್ಡಿಗೆ ಓಟಿಪಿ ಬರದಿದ್ದರೆ ಯಾರನ್ನು ಕೇಳ್ತೀರಿ? ಎರಡು ದಿನ ಮೊದಲೇ, ಬ್ಯಾಂಕ್ ತೆರೆದಿರುವ ಹಗಲು ಹೊತ್ತಿನಲ್ಲಿ ಕಳಿಸಿ. ವಿದೇಶಿ ಪಾವತಿಗೆ ಕಾರ್ಡ್ ಚಾಲೂ ಇದೆಯಾ ಅಂತ ಅದಕ್ಕೂ ಮೊದಲೇ ವಿಚಾರಿಸಿಡಿ.